ಕಂಬದ ಕೆಳಗಿನ ಮಾತು

ಊರಿನ ಯಾವ ಪಾರ್ಕಿನ ಸುತ್ತ ನೀಲಿ ತಗಡು ಎದ್ದರೂ ಜನ ಮೊದಲು ಬೈಯುತ್ತಿದ್ದದ್ದು ಆಕೆಯನ್ನೇ. ನಗರಸಭೆಯ ಉದ್ಯಾನ ವಿಭಾಗದಲ್ಲಿ ಆಕೆ ಎಂಜಿನಿಯರ್. ಹಳೆಯ ಪಾರ್ಕುಗಳನ್ನು ಅಗೆಸಿ, ಒಡೆಸಿ, ಹೊಸದಾಗಿ ಕಟ್ಟಿಸಿ ಜನರಿಗೆ ಒಪ್ಪಿಸುವುದು ಕೆಲಸ. ಒಪ್ಪಿಸುವ ದಿನ ಯಾರಿಗೂ ಆಕೆಯ ನೆನಪಿರುತ್ತಿರಲಿಲ್ಲ, ಮುಚ್ಚುವ ದಿನ ಮಾತ್ರ ಎಲ್ಲರಿಗೂ ಇರುತ್ತಿತ್ತು. ಬೆಳಗಿನ ನಡಿಗೆಯವರು 'ತಗಡು ಮೇಡಂ' ಎಂದು ಹೆಸರಿಟ್ಟಿದ್ದರು. "ತಗಡು ಮೇಡಂ ಬಂದ್ರು ಅಂದ್ರೆ ಮುಗೀತು ಬಿಡಿ, ಇನ್ನೊಂದು ವರ್ಷ ರಸ್ತೇಲೇ ವಾಕಿಂಗು" ಎಂದು ಆಕೆಗೆ ಕೇಳುವ ಹಾಗೇ ಹೇಳುತ್ತಿದ್ದರು. ಆಕೆ ಕೇಳಿಸದವಳ ಹಾಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಳು.

ಐವತ್ತು ದಾಟಿದ, ಕಡ್ಡಿಯಂಥ ಮೈಯ ಹೆಂಗಸು. ತಲೆಗೆ ಹಳದಿ ಹೆಲ್ಮೆಟ್ಟು, ಕಾಲಿಗೆ ಗಂಡಸರ ಬೂಟು, ಹೆಗಲಿಗೊಂದು ಚೀಲ. ಕೆಲಸದಲ್ಲಿ ಆಕೆಯದು ಒಂದು ಪದ್ಧತಿಯಿತ್ತು. ತಗಡು ಹಾಕಿಸುವ ಮೊದಲು ವಾರಗಟ್ಟಲೆ ಪಾರ್ಕಿನಲ್ಲಿ ಸುಮ್ಮನೆ ಅಡ್ಡಾಡುವುದು. ಹುಲ್ಲು ಸವೆದು ಮಣ್ಣು ಕಂಡಿದ್ದರೆ ಅಲ್ಲಿ ಜನ ನಡೆಯುತ್ತಾರೆ ಎಂದರ್ಥ. ನಕ್ಷೆಯಲ್ಲಿ ಏನೇ ಇರಲಿ, ದಾರಿ ಅಲ್ಲೇ ಬರಬೇಕು. ಬಣ್ಣ ಹೋಗಿ ನುಣ್ಣಗಾದ ಬೆಂಚನ್ನು ಕಿತ್ತರೂ ಹೊಸದನ್ನು ಅದೇ ಜಾಗದಲ್ಲಿ ಇಡಬೇಕು. ಇದನ್ನೆಲ್ಲ ಆಕೆಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಸದರಲ್ಲಿ ಒಂದೆರಡು ಪಾರ್ಕು ಕೆಡಿಸಿದ ಮೇಲೆ ತಾನಾಗಿ ಬಂದ ಬುದ್ಧಿ.

ಮನೆಯಲ್ಲಿ ಆಕೆ ಒಬ್ಬಳೇ. ಮೂರು ವರ್ಷದ ಹಿಂದಿನವರೆಗೆ ಅಕ್ಕ ಇದ್ದಳು. ಅಕ್ಕನಿಗೆ ತೊಟ್ಟಿಲಲ್ಲಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಗಿತ್ತು, ಕಿವಿಯ ಹಿಂದೆಯೇ ಮಾತೂ ಹೋಯಿತು. ಅವಳನ್ನು ಯಾವ ಶಾಲೆಗೂ ಕಳಿಸಲಿಲ್ಲ. ಕಳಿಸುವ ಶಾಲೆ ಇದೆಯೆಂದು ಅಪ್ಪ ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ. ತಂಗಿ ನಡೆಯುವ ಹೊತ್ತಿಗೆ ಅಕ್ಕ ಕೈಸನ್ನೆಯಲ್ಲಿ ಅವಳ ಹತ್ತಿರ ಮಾತಾಡಲು ಶುರುಮಾಡಿದ್ದಳು. ಇಬ್ಬರೂ ಸೇರಿ ದಿನಕ್ಕೊಂದು ಸನ್ನೆ ಹುಟ್ಟಿಸಿದರು. ಹಿಂದೆ ಕೈ ಹಾಕಿ ಮುಡಿ ಬಿಗಿದರೆ ಅಮ್ಮ. ತೋಳಿನ ಗುಂಡಿ ಹಾಕಿದರೆ ಅಪ್ಪ. ಹೆಬ್ಬೆರಳು ಬಾಯಿಗಿಟ್ಟರೆ ತಮ್ಮ. ಆ ತಮ್ಮ ಮುಂದೆ ಬೋಳುತಲೆಯ ಬ್ಯಾಂಕ್ ಮ್ಯಾನೇಜರಾಗಿ, ಮದುವೆಯ ವಯಸ್ಸಿನ ಮಗಳ ಅಪ್ಪನಾದ ಮೇಲೂ ಅಕ್ಕನ ಪಾಲಿಗೆ ಹೆಬ್ಬೆರಳೇ ಆಗಿದ್ದ.

ಅಕ್ಕ ಮನೆಯಲ್ಲೇ ಕೂತು ಬಟ್ಟೆ ಅಂಗಡಿಗೆ ಅಂಗಿಗಳ ಕಾಜ ಹೊಲಿದುಕೊಡುತ್ತಿದ್ದಳು. ಕಿವಿ ಕೇಳದವಳಿದ್ದ ಆ ಮನೆಯಲ್ಲಿ ಸದ್ದಿಗೆ ಬರವಿರಲಿಲ್ಲ. ಪಾತ್ರೆ ಎತ್ತಿ ಕುಕ್ಕುವಳು, ಬಾಗಿಲು ದಢಾರನೆ ಹಾಕುವಳು, ಕರೆಯಬೇಕಾದರೆ ನೆಲಕ್ಕೆ ಕಾಲು ಬಡಿಯುವಳು. ಕೆಳಗಿನ ಮನೆಯವರು ವಾರಕ್ಕೊಮ್ಮೆಯಾದರೂ ಮೇಲೆ ಬಂದು ಜಗಳ ಆಡುತ್ತಿದ್ದರು. ಒಂದು ಮಧ್ಯಾಹ್ನ, ಆಕೆ ಯಾವುದೋ ಪಾರ್ಕಿನಲ್ಲಿ ಕಾಂಕ್ರೀಟು ಸುರಿಸುತ್ತಿದ್ದಾಗ, ಅಕ್ಕ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಹಾಗೇ ಹೋಗಿಬಿಟ್ಟಿದ್ದಳು. ಅಂದಿನಿಂದ ಮನೆ ಗಪ್‌ಚಿಪ್. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ ಹಳೆಯ ಜಗಳಕ್ಕೆ ನಾಚಿದವಳ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಸಂಜೆ ಬಾಗಿಲು ತೆಗೆದೊಡನೆ, ಬಂದಿದ್ದೇನೆ ಎಂದು ಅಕ್ಕನಿಗೆ ತಿಳಿಸಲು ನಡುಮನೆಯ ದೀಪವನ್ನು ಎರಡು ಸಲ ಹಾಕಿ ಆರಿಸುವ ಅಭ್ಯಾಸ ಆಕೆಯ ಕೈಗಿತ್ತು. ಅದನ್ನು ಬಿಡಲು ಬಹಳ ತಿಂಗಳು ಹಿಡಿಯಿತು.

ತಮ್ಮ ಆಗಾಗ ಫೋನ್ ಮಾಡುತ್ತಿದ್ದ. "ಸಣ್ಣಕ್ಕ, ನಮ್ಮನೇಗೆ ಬಂದು ಇರಬಾರ್ದಾ? ಒಂದು ರೂಮು ಖಾಲಿನೇ ಇದೆ."

"ನಿಮ್ಮನೇಲಿ ಎಲ್ಲರೂ ಬಾಯಲ್ಲೇ ಮಾತಾಡ್ತೀರಪ್ಪ. ನಂಗೆ ತಲೆನೋವು" ಎಂದು ಆಕೆ ನಗಿಸಿ ಫೋನ್ ಇಡುತ್ತಿದ್ದಳು.

ಹೀಗಿರುವಾಗ ಬಸ್ ನಿಲ್ದಾಣದ ಹಿಂದಿನ ಪಾರ್ಕಿನ ಕೆಲಸ ಬಂತು. ಹಿಂದಿನ ಕೆಲಸ ಎಳೆದಾಡಿದ್ದರಿಂದ ಈ ಸಲ ಸುಮ್ಮನೆ ಅಡ್ಡಾಡಲು ಪುರುಸೊತ್ತು ಸಿಗಲಿಲ್ಲ. ಬೆಳಗಿನ ಹೊತ್ತು ಒಂದೆರಡು ಸುತ್ತು ಹಾಕಿದ್ದೇ ಬಂತು. ನಕ್ಷೆ ಮಂಜೂರಾಗಿತ್ತು, ಕಂಟ್ರಾಕ್ಟರು ತಗಡಿನ ಲಾರಿ ತಂದು ನಿಲ್ಲಿಸಿದ್ದ. ಮೂರು ಬದಿ ತಗಡು ನಿಂತಿತು. ಗೇಟಿನ ಕಡೆಯದು ಭಾನುವಾರ ಮುಗಿಯಿತು. ಹೇಗೆ ಬಿಗಿದಿದ್ದಾರೆಂದು ನೋಡಲು ಆಕೆ ಅಂದು ಸಂಜೆ ಒಬ್ಬಳೇ ಹೋದಳು.

ಗೇಟಿನ ಒಳಗೆ ಒಂದು ಎತ್ತರದ ಹಳೆಯ ದೀಪದ ಕಂಬ. ಮೇಲೆ ನಾಲ್ಕು ದೊಡ್ಡ ದೀಪ, ಕೆಳಗೆ ಹಗಲಿನಂಥ ಬೆಳಕು. ತಗಡಿನ ಸಂದಿಯಿಂದ ಹೊರಗೆ ನೋಡಿದರೆ ಫುಟ್‌ಪಾತಿನ ಮೇಲೆ ಒಂದು ಗುಂಪು. ಮುದುಕರು, ಹರೆಯದವರು, ಕಂಕುಳಲ್ಲಿ ಮಗುವಿದ್ದ ಒಬ್ಬಳು. ಅಷ್ಟು ಜನ ಸೇರಿದ್ದರೂ ಒಂದು ಸೊಲ್ಲಿಲ್ಲ. ಕೈಗಳು ಮಾತ್ರ ಆಡುತ್ತಿದ್ದವು, ಒಂದರ ಮೇಲೊಂದು, ಒಬ್ಬರನ್ನೊಬ್ಬರು ತಡೆದು, ರೇಗಿ, ನಕ್ಕು.

ಆಕೆ ಬೀಗ ತೆಗೆದು ಹೊರಗೆ ಬಂದಳು. ಯೋಚಿಸುವ ಮೊದಲೇ ಕೈ ಎದ್ದಿತ್ತು. ಅಂಗೈ ಮೇಲೆ ಮಾಡಿ, ಹುಬ್ಬು ಏರಿಸಿ, ಮಣಿಕಟ್ಟು ಎರಡು ಸಲ ತಿರುಗಿಸಿದಳು: ಏನಾಗಬೇಕಿತ್ತು?

ಗುಂಪು ಆಕೆಯನ್ನೇ ನೋಡಿತು. ಯಾರಿಗೂ ಗೊತ್ತಾಗಲಿಲ್ಲ. ಬೇಕರಿಯ ಕೆಂಪು ಟೋಪಿ ಹಾಕಿದ್ದ ಒಬ್ಬ ಹೆಂಗಸು ಏನೋ ಕೇಳಿದಳು. ಆ ಸನ್ನೆ ಆಕೆಗೆ ಗೊತ್ತಾಗಲಿಲ್ಲ. ಮಳೆಗಾಲ ಕಳೆದ ಮೇಲೆ ತೆರೆಯುತ್ತೇವೆ ಎಂದು ಆಕೆ ಅಕ್ಕನಿಗೆ ಹೇಳುವ ಹಾಗೆಯೇ ಹೇಳಿದಳು, ಬೆರಳುಗಳನ್ನು ಹೆಗಲ ಮೇಲೆ ಉದುರಿಸಿ, ಮೈಮೇಲಿನ ನೀರು ಕೊಡವಿಕೊಂಡು. ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಗುಂಪಿನಲ್ಲಿದ್ದ ಒಬ್ಬ ಅಜ್ಜ ಅವಳನ್ನು ಕಣ್ಣಲ್ಲೇ ಗದರಿದರು. ಅಜ್ಜ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದವರೆಂದು ಆಮೇಲೆ ಗೊತ್ತಾಯಿತು. ಅವರು ತಮ್ಮ ಕಿವಿ ಮುಟ್ಟಿ, ಆಕೆಯ ಕಡೆ ಬೆರಳು ಮಾಡಿ ಕೇಳಿದರು. ಅದು ಅರ್ಥವಾಯಿತು. ಇಲ್ಲ, ನನಗೆ ಕೇಳುತ್ತದೆ ಎಂದು ಆಕೆ ತಲೆಯಾಡಿಸಿದಳು.

ಬೇಕರಿಯವಳು ಮೊಬೈಲು ತೆಗೆದು ಟೈಪು ಮಾಡಿ ತೋರಿಸಿದಳು: "ನೀವು ಮಾಡಿದ್ದು ಯಾವ ಭಾಷೆ?"

ಆಕೆ ಅದೇ ಮೊಬೈಲಿನಲ್ಲಿ ಬರೆದಳು: "ನನ್ನ ಅಕ್ಕನದು."

"ಅವರನ್ನೂ ಕರ್ಕೊಂಡು ಬನ್ನಿ. ನಾವು ಪ್ರತಿ ಭಾನುವಾರ ಇಲ್ಲೇ ಸೇರ್ತೀವಿ. ಅಜ್ಜ ಇಪ್ಪತ್ತು ವರ್ಷದಿಂದ ಬರ್ತಿದ್ದಾರೆ."

ಆಕೆ ಮೊಬೈಲು ಹಿಂದಿರುಗಿಸಿದಳು. ಉತ್ತರ ಬರೆಯಲಾಗಲಿಲ್ಲ. ಆ ಪಾರ್ಕು ಆಕೆಯ ಮನೆಯಿಂದ ಎರಡೇ ಬಸ್ ಸ್ಟಾಪಿನ ದೂರ. ಆ ದಾರಿಯಲ್ಲಿ ಅಕ್ಕನ ಕೈ ಹಿಡಿದು ಎಷ್ಟೋ ಸಲ ಹೋಗಿದ್ದಳು, ಕಣ್ಣಿನ ಡಾಕ್ಟರ ಹತ್ತಿರ, ನೂಲು ತರಲು. ಹೋದದ್ದೆಲ್ಲ ವಾರದ ದಿನ, ಹಗಲು. ನಾನಿದ್ದ ಮೇಲೆ ಅಕ್ಕನಿಗೆ ಇನ್ನಾರು ಬೇಕು ಎಂದುಕೊಂಡೇ ಒಂದು ಜನ್ಮ ಕಳೆದುಹೋಗಿತ್ತು. ಅಕ್ಕನೂ ಹಾಗೆಯೇ ಅಂದುಕೊಂಡಿದ್ದಳೋ ಏನೋ, ಈಗ ಕೇಳುವುದು ಯಾರನ್ನು?

ಮನೆಗೆ ಬಂದವಳು ಬೂಟು ಬಿಚ್ಚುವ ಮೊದಲೇ ತಮ್ಮನಿಗೆ ಫೋನ್ ಮಾಡಿದಳು. "ಮಳೆಗೆ ಅಕ್ಕ ಏನು ಮಾಡ್ತಿದ್ಲು, ನೆನಪಿದೆಯಾ ನಿಂಗೆ?"

"ಮಳೆಗಾ? ಇಲ್ಲಪ್ಪ. ಯಾಕೆ?"

"ಅನ್ನಕ್ಕೆ? ಸುಳ್ಳು ಹೇಳಬೇಡ ಅನ್ನೋಕೆ?"

"ನನ್ನ ಹೆಸರೊಂದು ಗೊತ್ತು, ಹೆಬ್ಬೆರಳು. ಉಳಿದದ್ದೆಲ್ಲ ನೀವಿಬ್ಬರೇ ಮಾತಾಡ್ಕೊಳ್ತಿದ್ರಿ ಸಣ್ಣಕ್ಕ. ನಮ್ಮನ್ನೆಲ್ಲಿ ಹತ್ರ ಬಿಟ್ಕೊಳ್ತಿದ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಆಕೆಯನ್ನು ಹೆಚ್ಚು ಚುಚ್ಚಿತು. ಇಬ್ಬರಿಗಷ್ಟೇ ಗೊತ್ತಿದ್ದ ಮಾತು ಈಗ ಒಬ್ಬಳ ಕೈಯಲ್ಲಿ ಉಳಿದಿತ್ತು.

ಪಾರ್ಕಿನ ಕೆಲಸ ಶುರುವಾಯಿತು. ನೆಲ ಅಗೆದರೆ ಹಳೆಯ ಚರಂಡಿ ಎಲ್ಲೆಲ್ಲೋ ಒಡೆದು ನೀರು ನಿಂತಿತ್ತು. ಪೈಪು ಹಾಕಿಸಿ, ಮಣ್ಣು ತುಂಬಿ, ದಮ್ಮಸು ಹೊಡೆಸುವಷ್ಟರಲ್ಲಿ ಮಳೆ ಹಿಡಿಯಿತು. ಮರದ ಬೇರು ಸಿಕ್ಕಲ್ಲೆಲ್ಲ ದಾರಿ ಬಳಸಿ ಹೋಗಬೇಕಾಯಿತು. ಭಾನುವಾರದ ಗುಂಪು ಕೆಲವು ವಾರ ಫುಟ್‌ಪಾತಿನಲ್ಲೇ ಸೇರಿತು. ಆಮೇಲೆ ಬಸ್ ನಿಲ್ದಾಣದೊಳಗೆ ಹೋದರು. ಅಲ್ಲಿನ ಕಾವಲುಗಾರ ದಾರಿಗಡ್ಡ ಎಂದು ಎಬ್ಬಿಸಿದ. ಟೀ ಅಂಗಡಿಯೆದುರು ಕಾಣಿಸಿಕೊಂಡರು, ಅಲ್ಲಿ ಬೆಳಕು ಮಂಕು. ಬರಬರುತ್ತ ಒಬ್ಬೊಬ್ಬರೇ ಕಡಿಮೆಯಾದರು. ಪ್ರೆಸ್ಸಿನ ಅಜ್ಜ ಮಾತ್ರ ಬಹಳ ದಿನ ಬಂದರು. ತಗಡಿಗೆ ಬೆನ್ನು ಕೊಟ್ಟು, ಕೊಡೆ ಬಿಚ್ಚಿ, ಬಾರದವರಿಗಾಗಿ ಕಾಯುತ್ತ ನಿಂತಿರುತ್ತಿದ್ದರು. ಆಕೆ ಗೇಟಿನಿಂದ ಕೈಯೆತ್ತಿದರೆ ಅವರೂ ಎತ್ತುವರು. ಅದಕ್ಕಿಂತ ಹೆಚ್ಚು ಇಬ್ಬರಿಗೂ ಬರುತ್ತಿರಲಿಲ್ಲ. ಚಳಿ ಬಂದ ಮೇಲೆ ಅವರೂ ಬರುವುದನ್ನು ನಿಲ್ಲಿಸಿದರು.

ನಕ್ಷೆಯ ಪ್ರಕಾರ ಆ ಎತ್ತರದ ಕಂಬ ಹೋಗಬೇಕಿತ್ತು. ಅದರ ಬದಲು ದಾರಿಯುದ್ದಕ್ಕೂ ಮೊಣಕಾಲೆತ್ತರದ, ಮೇಲೆ ಮುಚ್ಚಳವಿರುವ ಪುಟ್ಟ ದೀಪಗಳು. ಆಕೆ ನಕ್ಷೆ ಮಾಡಿದ ಡಿಸೈನರನ್ನು ಸೈಟಿಗೆ ಕರೆಸಿದಳು. ಒಳ್ಳೆಯ ಮನುಷ್ಯ, ಮೆದು ಮಾತು.

"ಆ ಕಂಬ ಇರ್ಲಿ ಅನ್ಸುತ್ತೆ" ಎಂದಳು ಆಕೆ.

"ಮೇಡಂ, ಅದನ್ನ ನೋಡಿದ್ರೆ ಜೈಲು ನೆನಪಾಗುತ್ತೆ. ಸಂಜೆ ಹೊತ್ತು ಬೆಳಕು ಕಣ್ಣಿಗೆ ಹಿತವಾಗಿರಬೇಕು. ಜನ ಕೂತು ನೆಮ್ಮದಿಯಾಗಿ ಮಾತಾಡಬೇಕು."

"ಮಾತಾಡೋಕೇ ಬೆಳಕು ಬೇಕಾಗಿರೋದು."

ಅವನಿಗೆ ತಿಳಿಯಲಿಲ್ಲ. ಆಕೆ ಬಿಡಿಸಿ ಹೇಳಿದಳು. ಅವನು ಕಂಬವನ್ನೂ ನೆಲವನ್ನೂ ನೋಡಿದ. "ಅಯ್ಯೋ, ಇದು ಮೊದಲೇ ಗೊತ್ತಿದ್ರೆ ಏನಾದ್ರೂ ಮಾಡ್ತಿದ್ದೆ ಮೇಡಂ. ಈಗ ಸಾಹೇಬ್ರು ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ."

ಮೊದಲೇ ಹೇಳಬೇಕಾಗಿದ್ದವಳು ತಾನೇ.

ಸಾಹೇಬರು ಅಂದರೆ ವಿಭಾಗದ ಮುಖ್ಯಸ್ಥರು. ಫೈಲಿನಿಂದ ತಲೆ ಎತ್ತದೆ ಕೇಳಿದರು. "ಎಷ್ಟು ಜನ ರೀ ಅವರು? ಹದಿನೈದಾ, ಇಪ್ಪತ್ತಾ? ಅಷ್ಟಕ್ಕೆ ಮಂಜೂರಾದ ನಕ್ಷೆ ತಿದ್ದೋಕಾಗುತ್ತಾ? ನಾಳೆ ಇನ್ನೊಬ್ಬರು ಬಂದು ಇನ್ನೊಂದು ಕೇಳ್ತಾರೆ. ತೆಗೆಸಿ, ತೆಗೆಸಿ."

"ಆಯ್ತು ಸರ್" ಎಂದು ಆಕೆ ಹೊರಗೆ ಬಂದಳು.

ನೌಕರಿಗೆ ಸೇರಿದಂದಿನಿಂದ ಮೇಲಿನವರ ಮಾತು ಮೀರಿದವಳಲ್ಲ. ಈ ಸಲವೂ ಮೀರಲಿಲ್ಲ, ಮುಂದಕ್ಕೆ ಹಾಕಿದಳು. ಕಂಬ ಕೀಳಲು ಕ್ರೇನು ಬಂದ ದಿನ, ಮೊದಲು ಸಿಮೆಂಟಿನ ಪೈಪು ಇಳಿಸಿಕೊಡಿ ಎಂದಳು. ಪೈಪು ಇಳಿಸುವುದರಲ್ಲೇ ಸಂಜೆಯಾಯಿತು. ಇನ್ನೊಮ್ಮೆ ಬಂದಾಗ ನೆಲ ಹಸಿಯಾಗಿದೆ, ಕ್ರೇನಿನ ಗಾಲಿ ಹೂತುಹೋದೀತು ಎಂದಳು. ಮತ್ತೊಮ್ಮೆ ಹೊಸ ಹುಲ್ಲು ಹಾಸಿದ್ದೇವೆ, ಬೇರು ಕಚ್ಚಲಿ ಎಂದಳು. ಹುಲ್ಲು ಬೇರು ಕಚ್ಚಿದ ಮೇಲೆ, ಇಷ್ಟು ಚೆಂದ ಬಂದಿದೆ, ಈಗ ತುಳಿಯುವುದು ಬೇಡ ಎಂದಳು.

ಕಂಟ್ರಾಕ್ಟರು ತಲೆ ಕೆರೆದುಕೊಂಡ. "ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಕಂಬ ನಿಮಗೆ ಸಂಬಂಧಿಕರಾಗಬೇಕಾ?"

"ಹೌದಪ್ಪ. ತವರುಮನೆ ಕಡೆಯವರು."

ಅವನು ಗಹಗಹಿಸಿ ನಕ್ಕ. ಆಮೇಲೆ ಕ್ರೇನಿನ ಮಾತು ತಾನಾಗಿ ಎತ್ತಲಿಲ್ಲ.

ನಕ್ಷೆಯಲ್ಲಿ ಗೇಟಿನ ಬಳಿಯ ಕಲ್ಲುಬೆಂಚುಗಳು ಹುಲ್ಲಿನ ಕಡೆ ಮುಖ ಮಾಡಿ ಸಾಲಾಗಿದ್ದವು. ಸಾಲಿನಲ್ಲಿ ಕೂತರೆ ಪಕ್ಕದವರ ಕೈ ಕಾಣುವುದಿಲ್ಲ. ಅಡಿಯಲ್ಲಿ ಚರಂಡಿಯ ಗುಂಡಿ ಬಂದಿದೆ ಎಂದು ಹೇಳಿ ಆಕೆ ಅವನ್ನು ಕಂಬದ ಸುತ್ತ ಗುಂಡಗೆ ಇಡಿಸಿದಳು. ಗುಂಡಿ ಇದ್ದದ್ದು ನಿಜ, ಆದರೆ ಅಲ್ಲಿರಲಿಲ್ಲ. ಮೇಸ್ತ್ರಿ ಕಲ್ಲು ಕೂರಿಸುವಾಗ ಆಕೆ ಒಂದು ಕಡೆ ಕೂತು ಎದುರಿನವನಿಗೆ ಕೈಯಾಡಿಸಲು ಹೇಳಿ, ಕಾಣುತ್ತದೆಯೋ ಇಲ್ಲವೋ ಎಂದು ನೋಡಿ, ಕಲ್ಲನ್ನು ಹಿಂದೆ ಮುಂದೆ ಸರಿಸಿದಳು. ಮೇಡಂಗೆ ಏನಾಯಿತೆಂದು ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉದ್ಘಾಟನೆಯ ದಿನ ಟೇಪು ಕತ್ತರಿಸಿದರು, ಫೋಟೋ ತೆಗೆದರು. ಎಲ್ಲ ಫೋಟೋದಲ್ಲೂ ಹಿಂದೆ ಕಂಬ. ಸಾಹೇಬರು ಆಕೆಯನ್ನು ಪಕ್ಕಕ್ಕೆ ಕರೆದು ಹಲ್ಲು ಕಚ್ಚಿ ಕೇಳಿದರು. "ಅದೇನ್ರೀ ಅದು, ಇನ್ನೂ ಗೂಟದ ಹಾಗೆ ನಿಂತಿದೆ?"

"ಮುಂದಿನ ವಾರ ತೆಗೆಸ್ತೀನಿ ಸರ್."

"ಮುಂದಿನ ವಾರ, ಮುಂದಿನ ವಾರ!" ಎಂದು ಅವರು ಕಾರು ಹತ್ತಿದರು. ಅವರಿಗೆ ಬೇರೆ ನೂರೆಂಟು ತಲೆನೋವಿದ್ದವು. ಆ ಮಾತನ್ನು ಅವರು ಮತ್ತೆ ಕೇಳಲಿಲ್ಲ, ಆಕೆಯೂ ನೆನಪಿಸಲಿಲ್ಲ.

ಮೊದಲ ಭಾನುವಾರ ಸಂಜೆ ಆಕೆ ಹೋಗಿ ಕಂಬದ ಕೆಳಗೆ ಕೂತಳು. ತಾನು ಕಟ್ಟಿಸಿದ ಪಾರ್ಕಿನಲ್ಲಿ ಕೂತದ್ದು ಅದೇ ಮೊದಲು. ಮಕ್ಕಳು ಜಾರುಬಂಡೆಗೆ ಮುಗಿಬಿದ್ದಿದ್ದರು. ನಡಿಗೆಯವರು ಹೊಸ ದಾರಿಯ ಮೇಲೆ ಹೊಸ ಉತ್ಸಾಹದಿಂದ ಸುತ್ತುತ್ತಿದ್ದರು. ಕಾಯುತ್ತಿದ್ದವರು ಬರಲಿಲ್ಲ. ಆರಂಭದಲ್ಲಿ ಗೇಟಿನ ಕಡೆಯೇ ಕಣ್ಣಿಟ್ಟಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಒಂದು ಜೋಡಿ ಬಂದು, "ಆಂಟಿ, ಸ್ವಲ್ಪ ಸರೀತೀರಾ? ಫೋಟೋ ತಗೋಬೇಕು" ಎಂದಿತು. ಆಕೆ ಸರಿದಳು. ಮರುವಾರವೂ ಅದೇ ಕತೆ. ಕಲ್ಲು, ಬೆಳಕು, ಆಕೆ.

ಒಂದು ಜಾಗ ಮುಚ್ಚಿದರೆ ಜಾಗ ಮಾತ್ರ ಮುಚ್ಚುವುದಿಲ್ಲ ಎಂಬುದು ಆಕೆಗೆ ಹೊಳೆದದ್ದು ಆಗ. ಇದುವರೆಗೆ ಮುಚ್ಚಿಸಿದ ಎಷ್ಟೋ ಪಾರ್ಕುಗಳಲ್ಲಿ ಯಾವ ಯಾವ ಗೆಳೆತನಗಳು ತಗಡಿನಾಚೆ ನಿಂತು ಕಾದು ಕಾದು ಚದುರಿದವೋ, ಆಕೆ ಎಂದೂ ಹಿಂದೆ ತಿರುಗಿ ನೋಡಿರಲಿಲ್ಲ. ಆ ಹೊತ್ತಿಗೆ ಮುಂದಿನ ತಗಡು ಬಂದಿರುತ್ತಿತ್ತು.

ಬೇಕರಿಯ ಕೆಂಪು ಟೋಪಿಯೊಂದೇ ಗುರುತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಬಸ್ ನಿಲ್ದಾಣದ ಸುತ್ತಲ ಬೇಕರಿಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಹೋದಲ್ಲೆಲ್ಲ ಸುಮ್ಮನೆ ನಿಲ್ಲುವುದು ಹೇಗೆಂದು ಒಂದೊಂದು ಬನ್ನು ಕೊಂಡಳು. ಚೀಲ ಉಬ್ಬುವ ಹೊತ್ತಿಗೆ ಒಂದು ಗಾಜಿನ ಗೋಡೆಯ ಹಿಂದೆ, ಹಿಟ್ಟಿನ ಕೈಯಲ್ಲಿ ಅವಳು ಕಂಡಳು. ಆಕೆ ಗಾಜು ತಟ್ಟಿ ಮೊಬೈಲು ಎತ್ತಿ ಹಿಡಿದಳು: "ಪಾರ್ಕು ತೆರೆದಿದೆ. ಕಂಬ ಹಾಗೇ ಇದೆ."

ಅವಳು ಕೈಯೊರೆಸಿಕೊಂಡು ಹೊರಗೆ ಬಂದು ಬರೆದಳು. ಹುಡುಗರೆಲ್ಲ ಈಗ ವಿಡಿಯೋ ಕಾಲಿನಲ್ಲೇ ಮಾತಾಡುತ್ತಾರೆ, ಬಸ್ಸು ಹತ್ತಿ ಬರುವ ಅಭ್ಯಾಸ ತಪ್ಪಿದೆ. ಇಬ್ಬರು ಬೇರೆ ಊರಿಗೆ ಹೋದರು. ಅಜ್ಜನಿಗೆ ಕಣ್ಣಿನ ಪೊರೆ, ಮನೆ ಬಿಟ್ಟು ಹೊರಡುವುದಿಲ್ಲ. ಕೊನೆಯಲ್ಲಿ ಕೇಳಿದಳು: "ನಿಮ್ಮ ಅಕ್ಕ ಬಂದ್ರಾ?"

ಈ ಸಲ ಆಕೆ ಉತ್ತರ ಬರೆದಳು. ಓದಿದವಳು ಒರೆಸಿದರೂ ಹಿಟ್ಟು ಹೋಗದ ಕೈಯಿಂದಲೇ ಆಕೆಯ ಮುಂಗೈ ಹಿಡಿದುಕೊಂಡಳು.

ಮುಂದಿನ ಭಾನುವಾರ ಐದಾರು ಜನ ಬಂದರು. ಪ್ರೆಸ್ಸಿನ ಅಜ್ಜನನ್ನು ಬೇಕರಿಯವಳು ತೋಳು ಹಿಡಿದು ಕರೆತಂದಿದ್ದಳು. ಅವರು ಬೆಳಕಿನ ಕೆಳಗೆ ನಿಂತು, ತಮ್ಮ ಎರಡೂ ಕೈಯನ್ನು ಮುಖದ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಕಾಣುತ್ತದೆ ಎಂದು ತಲೆದೂಗಿದರು. ಕಲ್ಲುಬೆಂಚಿನ ಮೇಲೆ ಎಲ್ಲರೂ ಗುಂಡಗೆ ಕೂತರು. ಕೈಗಳು ಶುರುವಾದವು. ಆಕೆ ನಡುವೆ ಕೂತು ನೋಡಿದಳು. ಹತ್ತರಲ್ಲಿ ಒಂದು ಮಾತೂ ತಿಳಿಯಲಿಲ್ಲ.

ಅವರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸನ್ನೆಯ ಹೆಸರಿತ್ತು. ಆಕೆಗೂ ಒಂದು ಕೊಡಬೇಕೆಂದು ಅಜ್ಜ ತೀರ್ಮಾನಿಸಿದರು. ಸ್ವಲ್ಪ ಚರ್ಚೆ ನಡೆದು, ನೆತ್ತಿಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರೆ ಆಕೆ ಎಂದಾಯಿತು: ಹೆಲ್ಮೆಟ್ಟು. ಎಲ್ಲರೂ ನೆತ್ತಿ ಕುಟ್ಟಿ ನಕ್ಕರು. ಬೇಕರಿಯವಳು ಮೊಬೈಲಿನಲ್ಲಿ ಬರೆದು ಕೇಳಿದಳು: "ನಿಮ್ಮ ಅಕ್ಕ ನಿಮ್ಮನ್ನ ಏನಂತ ಕರೀತಿದ್ರು?"

ಅಕ್ಕ ಆಕೆಗೆ ಇಟ್ಟಿದ್ದ ಹೆಸರು, ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆಯುವುದು. ನನ್ನ ಕಿವಿ ಎಂದು ಅದರರ್ಥ. ಆಕೆ ತೋರಿಸಿದಳು. ಬೇಕರಿಯವಳು ತಕ್ಷಣ ಹಾಗೆಯೇ ಮಾಡಿದಳು, ಪಕ್ಕದವನೂ ಮಾಡಿದ. ಅಕ್ಕ ಹೋದ ಮೇಲೆ ಮೊದಲ ಸಲ ಯಾರೋ ಆಕೆಯನ್ನು ಆ ಹೆಸರಿನಿಂದ ಕರೆದಿದ್ದರು. ಆದರೆ ಬೇರೆಯವರ ಬೆರಳಲ್ಲಿ ಅದನ್ನು ನೋಡಿದಾಗ ಆಕೆ, ಬೇಡ, ಅದು ಬೇಡ ಎಂದು ಕೈಯಾಡಿಸಿದಳು. ತನ್ನ ನೆತ್ತಿಯನ್ನು ತಾನೇ ಕುಟ್ಟಿಕೊಂಡಳು. ಇದೇ ಸಾಕು.

ಅಜ್ಜ ಆಕೆಯನ್ನೇ ನೋಡುತ್ತಿದ್ದರು. ಪೊರೆ ಬಂದ ಕಣ್ಣಿಗೆ ಎಷ್ಟು ಕಂಡಿತೋ, ಬೇರೆ ಮಾತು ತೆಗೆದರು.

ಆಕೆಗೆ ಹೊಸ ಕೆಲಸ ಈಗ ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿ ತಗಡು ಹಾಕುವ ಮೊದಲು ಭಾನುವಾರ ಬೆಳಿಗ್ಗೆ ಒಮ್ಮೆ, ವಾರದ ನಡುವೆ ಸಂಜೆ ಒಮ್ಮೆ ಹೋಗಿ ಯಾರು ಯಾರ ಜೊತೆ ಕೂರುತ್ತಾರೆಂದು ನೋಡಿಕೊಂಡು ಬಂದಿದ್ದಾಳೆ. ಭಾನುವಾರ ಸಂಜೆ ಆದಷ್ಟೂ ತಪ್ಪಿಸದೆ ಕಂಬದ ಕೆಳಗೆ ಬರುತ್ತಾಳೆ. ಒಮ್ಮೆ ಆರು ಜನ ಇರುತ್ತಾರೆ, ಒಮ್ಮೆ ಮೂರು. ಅವರ ಭಾಷೆಯ ಅಷ್ಟಿಷ್ಟು ಸನ್ನೆಗಳು ಕೈಗೆ ಹತ್ತಿವೆ. ಯಾರಾದರೂ ತಮಾಷೆಯ ಕತೆ ಹೇಳಿದರೆ ಕಣ್ಣು ಕಿರಿದು ಮಾಡಿ ಹಿಂಬಾಲಿಸುತ್ತಾಳೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ, ಒಂದು ಗಳಿಗೆ ತಡವಾಗಿ, ಒಬ್ಬಳೇ ನಗುತ್ತಾಳೆ.